ಹಣ್ಣಿನ ಸಿಹಿಯ ಗ್ರನೋಲಾ ಬಾರ್ ಯಾಕೆ ಉದುರುತ್ತದೆ, ಯಾಕೆ ಕೆಡುತ್ತದೆ?

ಪ್ರಶ್ನೆ: ಮಕ್ಕಳ ಡಬ್ಬಿಗೆ ಹಾಕಲು ಮನೆಯಲ್ಲೇ ಗ್ರನೋಲಾ ಬಾರ್ ಮಾಡುವ ಪ್ರಯತ್ನದಲ್ಲಿದ್ದೇನೆ. ಅಂಗಡಿಯ ಬಾರ್‌ಗಳ ಹಿಂದೆ ಬರೆದಿರುವ ಸಕ್ಕರೆ ಪ್ರಮಾಣ ನೋಡಿದರೆ ಕೊಡಲು ಮನಸ್ಸೇ ಬರುವುದಿಲ್ಲ. ಸಕ್ಕರೆ, ಜೇನು ಎರಡೂ ಬೇಡ, ಹಣ್ಣಿನ ಸಿಹಿಯೇ ಸಾಕು ಅಂತ ಮೊದಲು ಖರ್ಜೂರ ಹೆಚ್ಚಿ ಹಾಕಿ ಮಾಡಿದೆ. ಕತ್ತರಿಸುವಾಗಲೇ ಪುಡಿಪುಡಿಯಾಯಿತು. ಆಮೇಲೆ ಬಾಳೆಹಣ್ಣು ಕಿವುಚಿ ಹಾಕಿದೆ. ಅಂಟಿಕೊಂಡಿತು ನಿಜ, ಆದರೆ ಕೇಕಿನ ಹಾಗೆ ಮೆತ್ತಗಾಯಿತು, ನಾಲ್ಕನೇ ದಿನ ಬೂಷ್ಟು ಬಂತು. ಎಲ್ಲಿ ತಪ್ಪುತ್ತಿದೆ? ಇನ್ನೊಂದು ವಿಷಯ. ನಮ್ಮ ಯಜಮಾನರಿಗೆ ಶುಗರ್ ಗಡಿಯಲ್ಲಿದೆ ಅಂತ ಈಚೆಗೆ ಗೊತ್ತಾಗಿದೆ. ಹಣ್ಣಿನದೇ ಸಿಹಿ ಅಲ್ವಾ, ಅವರೂ ತಿನ್ನಬಹುದಾ?

ಉತ್ತರ: ನಿಮ್ಮ ಕೈಗುಣದಲ್ಲಿ ಏನೂ ತೊಂದರೆ ಇಲ್ಲ. ನೀವು ಸಕ್ಕರೆಯನ್ನು ತೆಗೆದಿರಿ, ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾರಿಗೂ ವಹಿಸಲಿಲ್ಲ. ಅಷ್ಟೇ ಆಗಿದ್ದು.

ಗ್ರನೋಲಾ ಬಾರ್‌ನಲ್ಲಿ ಸಕ್ಕರೆ ಬರೀ ಸಿಹಿಗಾಗಿ ಇರುವುದಿಲ್ಲ. ಪಾಕ ಕಾಯಿಸಿದಾಗ ನೀರು ಆರಿಹೋಗುತ್ತದೆ. ತಣ್ಣಗಾದ ಮೇಲೆ ಪಾಕ ಗಟ್ಟಿಯಾಗಿ ಓಟ್ಸ್, ಬೀಜಗಳನ್ನು ಹಿಡಿದು ನಿಲ್ಲಿಸುತ್ತದೆ. ಜೊತೆಗೆ ಅಲ್ಲಿರುವ ಸ್ವಲ್ಪ ನೀರನ್ನೂ ಸಕ್ಕರೆ ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವುದರಿಂದ ಬೂಷ್ಟಿಗೆ ಬೆಳೆಯಲು ತೇವ ಸಿಗುವುದಿಲ್ಲ. ಅಂದರೆ ಸಿಹಿ, ಅಂಟು, ಬಾಳಿಕೆ, ಈ ಮೂರೂ ಒಂದೇ ಪದಾರ್ಥದಿಂದ ಬರುತ್ತಿದ್ದವು. ಹಣ್ಣಿನಿಂದ ಸಿಹಿ ಸುಲಭವಾಗಿ ಬರುತ್ತದೆ. ಉಳಿದ ಎರಡನ್ನು ನಾವೇ ಗಮನ ಕೊಟ್ಟು ಬರಿಸಬೇಕು. ಅದಕ್ಕೆ ಅಡ್ಡಿಯಾಗುವುದು ಹಣ್ಣಿನೊಳಗಿನ ನೀರು.

ಒಂದು ಸಣ್ಣ ಲೆಕ್ಕ ನೋಡಿ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 75 ಗ್ರಾಂ ನೀರು, 12 ಗ್ರಾಂ ಸಕ್ಕರೆ. 100 ಗ್ರಾಂ ಖರ್ಜೂರದಲ್ಲಿ ಸುಮಾರು 20 ಗ್ರಾಂ ನೀರು, 63ರಿಂದ 66 ಗ್ರಾಂ ಸಕ್ಕರೆ. 100 ಗ್ರಾಂ ಖರ್ಜೂರದ ಸಿಹಿ ಬಾಳೆಹಣ್ಣಿನಿಂದಲೇ ಬರಬೇಕೆಂದರೆ ಅರ್ಧ ಕಿಲೋಗಿಂತ ಜಾಸ್ತಿ ಹಣ್ಣು ಬೇಕು. ಅದರ ಜೊತೆ ಹತ್ತಿರ ಹತ್ತಿರ 400 ಗ್ರಾಂ ನೀರೂ ಒಳಗೆ ಬರುತ್ತದೆ! ಅಷ್ಟು ನೀರು ಓವನ್‌ನಲ್ಲಿ ಅರ್ಧ ಗಂಟೆಯಲ್ಲಿ ಆರುವುದಿಲ್ಲ. ಓಟ್ಸ್ ಅದನ್ನು ಕುಡಿದು ಉಬ್ಬುತ್ತದೆ. ನಿಮ್ಮ ಎರಡನೇ ಬಾರ್ ಕೇಕ್ ಆಗಿದ್ದು, ಬೂಷ್ಟು ಹಿಡಿದಿದ್ದು, ಎರಡಕ್ಕೂ ಇದೇ ಕಾರಣ.

ಮೊದಲನೆಯದು ಉದುರಿದ್ದಕ್ಕೆ ಕಾರಣ ಬೇರೆ. ಖರ್ಜೂರದಲ್ಲಿ ಅಂಟು ಬೇಕಾದಷ್ಟಿದೆ. ಆದರೆ ಹೆಚ್ಚಿ ಹಾಕಿದಾಗ ಆ ಅಂಟು ತುಂಡಿನ ಒಳಗೇ ಉಳಿಯುತ್ತದೆ. ಅದು ಓಟ್ಸ್‌ನ ಪ್ರತಿಯೊಂದು ಎಸಳಿಗೂ ಮೆತ್ತಿಕೊಳ್ಳಬೇಕೆಂದರೆ ಖರ್ಜೂರವನ್ನು ನುಣ್ಣಗೆ ರುಬ್ಬಲೇಬೇಕು. ತುಂಡುಗಳು ಬಾಯಿಗೆ ಸಿಗಲಿ ಅನ್ನಿಸಿದರೆ ಒಂದೆರಡು ಚಮಚದಷ್ಟು ಕೊನೆಗೆ ಸೇರಿಸಿ, ಬೇಡ ಅನ್ನುವುದಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ಹಣ್ಣಿನಿಂದ ಕಟ್ಟಿದ ಬಾರ್ ಅಂಗಡಿಯ ಬಾರ್‌ನ ಹಾಗೆ ಕಟಕಟ ಅನ್ನುವುದಿಲ್ಲ. ಆ ಕುರುಕು ಬರುವುದು ಗಟ್ಟಿಯಾದ ಪಾಕದಿಂದ. ಖರ್ಜೂರದಲ್ಲಿ ನಾರಿದೆ, ಪೆಕ್ಟಿನ್ (ಜಾಮ್ ಗಟ್ಟಿಯಾಗಲು ಕಾರಣವಾಗುವ ಹಣ್ಣಿನ ಅಂಟು) ಇದೆ, ಸ್ವಲ್ಪ ತೇವವೂ ಇದೆ. ಹಾಗಾಗಿ ಅದು ಜಗಿಯುವ ಬಾರ್ ಆಗುತ್ತದೆ. ಕುರುಕು ಬೇಕಿದ್ದರೆ ಹುರಿದ ಬೀಜಗಳಿಂದ ಬರಬೇಕು. ‘ಸಕ್ಕರೆ ಇಲ್ಲ, ಜೇನಿಲ್ಲ, ಆದರೂ ಗರಿಗರಿ’ ಅನ್ನುವ ರೆಸಿಪಿ ಕಂಡರೆ ಸಾಮಾನಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಯಾವುದೋ ಒಂದು ಸಿರಪ್ ಅಲ್ಲಿ ಅಡಗಿರುತ್ತದೆ.

ಈಗ ಅಳತೆ. 20 ಸೆಂಟಿಮೀಟರ್ ಚದರದ ಟ್ರೇಗೆ ಇಷ್ಟು ಸಾಕು: ಓಟ್ಸ್ 150 ಗ್ರಾಂ, ಬೀಜ ತೆಗೆದ ಖರ್ಜೂರ 180 ಗ್ರಾಂ, ಸಕ್ಕರೆ ಸೇರಿಸದ ಪೀನಟ್ ಬಟರ್ ಅಥವಾ ಬಾದಾಮಿ ಬಟರ್ 80 ಗ್ರಾಂ, ಒರಟಾಗಿ ಜಜ್ಜಿದ ಬಾದಾಮಿ 75 ಗ್ರಾಂ, ಕುಂಬಳಕಾಯಿ ಬೀಜ ಅಥವಾ ಸೂರ್ಯಕಾಂತಿ ಬೀಜ 40 ಗ್ರಾಂ, ಕಾಲು ಚಮಚ ಉಪ್ಪು, ಅರ್ಧ ಚಮಚ ಚಕ್ಕೆ ಪುಡಿ. ಒಟ್ಟು 12 ಬಾರ್ ಆಗುತ್ತವೆ. ಆದಷ್ಟೂ ತೂಕ ಮಾಡಿಯೇ ಹಾಕಿ. ಕಪ್ ಲೆಕ್ಕದಲ್ಲಿ ಖರ್ಜೂರವನ್ನು ಒತ್ತಿ ತುಂಬಿದರೆ ಒಂದು ತೂಕ, ಸುಮ್ನೆ ಹಾಕಿದರೆ ಇನ್ನೊಂದು ತೂಕ. ಇಲ್ಲಿ ಒಣ ಸಾಮಾನೂ ಅಂಟುವ ಸಾಮಾನೂ ಹೆಚ್ಚುಕಡಿಮೆ ಸಮತೂಕದಲ್ಲಿವೆ, ಗಮನಿಸಿ. ನಾಳೆ ನೀವು ಬೇರೆ ಬೀಜ, ಬೇರೆ ಹಣ್ಣು ಹಾಕಿದರೂ ಈ ಸಮ ತಪ್ಪಬಾರದು.

ಓಟ್ಸ್ ಅಂದರೆ ದಪ್ಪ ಎಸಳಿನ ರೋಲ್ಡ್ ಓಟ್ಸ್. ಬಿಸಿನೀರು ಹಾಕಿದ ಕೂಡಲೇ ಕರಗಿಹೋಗುವ ಇನ್‌ಸ್ಟಂಟ್ ಓಟ್ಸ್ ಬೇಡ, ಬಾರ್ ಹಿಟ್ಟುಹಿಟ್ಟಾಗುತ್ತದೆ. ಕತ್ತರಿಸಿದ ಗಟ್ಟಿ ಕಾಳಿನ ಸ್ಟೀಲ್ ಕಟ್ ಓಟ್ಸ್ ಕೂಡ ಬೇಡ, ಇಷ್ಟು ಕಡಿಮೆ ತೇವದಲ್ಲಿ ಅದು ಬೇಯುವುದೇ ಇಲ್ಲ.

ಓಟ್ಸ್, ಬಾದಾಮಿ, ಬೀಜಗಳನ್ನು ಓವನ್‌ನಲ್ಲಿ 160 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಹುರಿಯಿರಿ, ನಡುವೆ ಒಮ್ಮೆ ಕೈಯಾಡಿಸಿ. ಇಲ್ಲವೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದರೂ ಆಯಿತು. ಈ ಕೆಲಸವನ್ನು ಮಾತ್ರ ಬಿಡಬೇಡಿ. ಹುರಿದಾಗ ಓಟ್ಸ್‌ನಲ್ಲಿದ್ದ ಪಸೆ ಹೋಗುತ್ತದೆ, ಆಗ ಹಣ್ಣಿನ ತೇವವನ್ನು ಹೀರಲು ಅದರಲ್ಲಿ ಜಾಗ ಇರುತ್ತದೆ. ರುಚಿಯಲ್ಲೂ ತುಂಬಾ ವ್ಯತ್ಯಾಸ ಇದೆ. ಹಸಿ ಓಟ್ಸ್‌ನ ಬಾರ್‌ಗೆ ಒಂಥರಾ ಕಾಗದದ ರುಚಿ ಇರುತ್ತದೆ, ಎಷ್ಟು ಚಕ್ಕೆ ಹಾಕಿದರೂ ಮುಚ್ಚಿಹೋಗುವುದಿಲ್ಲ.

ಹುರಿದ ಓಟ್ಸ್‌ನಲ್ಲಿ ಮೂರನೇ ಒಂದು ಪಾಲನ್ನು ಮಿಕ್ಸಿಯಲ್ಲಿ ತರಿಯಾಗಿ ಪುಡಿ ಮಾಡಿ ಮತ್ತೆ ಅದರಲ್ಲೇ ಬೆರೆಸಿ. ಬಾರ್ ಉದುರದೆ ನಿಲ್ಲುವ ಗುಟ್ಟಿನಲ್ಲಿ ಅರ್ಧ ಇದೇ. ಇಡೀ ಎಸಳುಗಳು ಒಂದರ ಮೇಲೊಂದು ಕೂತಾಗ ನಡುವೆ ಸಂದು ಉಳಿಯುತ್ತದೆ. ಕಾಂಕ್ರೀಟಿನಲ್ಲಿ ಜಲ್ಲಿಯ ನಡುವೆ ಮರಳು ಕೂತುಕೊಳ್ಳುವ ಹಾಗೆ ಈ ಪುಡಿ ಆ ಸಂದುಗಳಿಗೆ ಇಳಿಯುತ್ತದೆ. ಅಂಟಿಗೆ ಹಿಡಿದುಕೊಳ್ಳಲು ಜಾಸ್ತಿ ಜಾಗ ಸಿಗುತ್ತದೆ, ಹೆಚ್ಚಿಗೆ ಸಿಹಿ ಸುರಿಯುವ ಅಗತ್ಯ ಬೀಳುವುದಿಲ್ಲ.

ಖರ್ಜೂರ ಮೆತ್ತಗಿದ್ದರೆ ನೆನೆಸುವುದೇ ಬೇಡ. ಒಣಗಿ ಗಟ್ಟಿಯಾಗಿದ್ದರೆ ಮುಳುಗುವಷ್ಟು ಬಿಸಿನೀರು ಹಾಕಿ 10 ನಿಮಿಷ ಬಿಟ್ಟು, ಜರಡಿಗೆ ಸುರಿದು ಚೆನ್ನಾಗಿ ಸೋಸಿ. ರಾತ್ರಿಯಿಡೀ ನೆನೆಸಬೇಡಿ. ಖರ್ಜೂರದಲ್ಲಿ ಇಲ್ಲದ ನೀರನ್ನು ನಾವೇ ತುಂಬಿದ ಹಾಗಾಗುತ್ತದೆ. ರುಬ್ಬುವ ಮೊದಲು ಪ್ರತಿಯೊಂದನ್ನೂ ಬೆರಳಲ್ಲಿ ಬಿಡಿಸಿ ನೋಡಿ. ‘ಬೀಜ ತೆಗೆದದ್ದು’ ಎಂದು ಬರೆದ ಪ್ಯಾಕೆಟ್‌ನಲ್ಲೂ ಒಂದೊಂದು ಬೀಜ ಉಳಿದಿರುತ್ತದೆ, ಹಲ್ಲಿಗೂ ಮಿಕ್ಸಿ ಬ್ಲೇಡಿಗೂ ಅದು ಒಳ್ಳೆಯದಲ್ಲ. ಬ್ಲೇಡು ತಿರುಗದೆ ನಿಂತರೆ ನೆನೆಸಿದ ನೀರನ್ನೇ ಒಂದು ಚಮಚ ಹಾಕಿ. ಆಗಲೂ ತಿರುಗದಿದ್ದರೆ ಇನ್ನೊಂದು ಚಮಚ. ಅದಕ್ಕಿಂತ ಮುಂದೆ ಹೋಗಬೇಡಿ.

ರುಬ್ಬಿದ ಖರ್ಜೂರವನ್ನು ಪೀನಟ್ ಬಟರ್ ಮತ್ತು ಉಪ್ಪಿನ ಜೊತೆ ದಪ್ಪ ತಳದ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೆದಕುತ್ತಿರಿ. ಮೊದಲು ಸಡಿಲವಾಗಿ ಬಾಣಲೆಗೆ ಮೆತ್ತಿಕೊಳ್ಳುತ್ತದೆ. ಎರಡು ಮೂರು ನಿಮಿಷದಲ್ಲಿ ಬಣ್ಣ ಸ್ವಲ್ಪ ಗಾಢವಾಗುತ್ತದೆ, ಸೌಟಿನ ಹಿಂದೆ ದಾರಿ ಮೂಡಿ ತಕ್ಷಣ ಮುಚ್ಚಿಕೊಳ್ಳದೆ ನಿಲ್ಲುತ್ತದೆ, ಮಿಶ್ರಣ ತಳ ಬಿಟ್ಟು ಬರುತ್ತದೆ. ಆಗ ಇಳಿಸಿ. ನೆನೆಸಿದಾಗ ಸೇರಿದ ನೀರು ಹೀಗೆ ಹೊರಟುಹೋಗುತ್ತದೆ. ಇಲ್ಲಿ ಆತುರಪಟ್ಟು ಉರಿ ಜೋರು ಮಾಡಿದರೆ ಖರ್ಜೂರ ತಳ ಹಿಡಿಯುತ್ತದೆ, ಆ ಕಹಿ ಇಡೀ ಟ್ರೇಗೆ ಹರಡುತ್ತದೆ.

ಬಿಸಿ ಇರುವಾಗಲೇ ಒಣ ಸಾಮಾನೆಲ್ಲ ಸೇರಿಸಿ. ಸೌಟಿನಿಂದ ಸರಿಯಾಗಿ ಬೆರೆಯುವುದಿಲ್ಲ, ಕೈಗೆ ಸ್ವಲ್ಪ ನೀರು ಸವರಿಕೊಂಡು ಕಲಸಿ. ಹದ ನೋಡುವುದು ಹೀಗೆ. ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಗಟ್ಟಿಯಾಗಿ ಅದುಮಿ ಬಿಡಿ. ಉಂಡೆ ಹಾಗೇ ನಿಂತು, ಅಂಚಿನಲ್ಲಿ ಮಾತ್ರ ಒಂದೆರಡು ಬಿರುಕು ಕಂಡರೆ ಸರಿಯಾಗಿದೆ. ಅಂಗೈಗೆ ಪದರವಾಗಿ ಅಂಟಿದರೆ ತೇವ ಜಾಸ್ತಿ, ಇನ್ನೆರಡು ಚಮಚ ಓಟ್ಸ್ ಪುಡಿ ಹಾಕಿ. ಮುಷ್ಟಿ ಬಿಟ್ಟ ಕೂಡಲೇ ಉದುರಿದರೆ ಇನ್ನೊಂದು ಚಮಚ ಪೀನಟ್ ಬಟರ್ ಹಾಕಿ. ನೀರು ಮಾತ್ರ ಬೇಡ.

ಟ್ರೇಗೆ ಬೇಕಿಂಗ್ ಪೇಪರ್ ಹಾಸಿ ಮಿಶ್ರಣ ಸುರಿಯಿರಿ. ಮೇಲೆ ಇನ್ನೊಂದು ಪೇಪರ್ ಇಟ್ಟು ಚಪ್ಪಟೆ ತಳದ ಲೋಟದಿಂದ ಒತ್ತಿ. ನಿಮಗೆ ಸಾಕು ಅನ್ನಿಸಿದ ಮೇಲೂ ಇನ್ನೊಂದು ಸುತ್ತು ಒತ್ತಿ, ಮೂಲೆಗಳನ್ನು ಮರೆಯದೆ. ಹೆಚ್ಚಿನ ಬಾರ್‌ಗಳು ಉದುರುವುದು ಸರಿಯಾಗಿ ಒತ್ತದೆ ಬಿಟ್ಟಿದ್ದರಿಂದ. ಆಮೇಲೆ 160 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ, ಅಂಚು ಹೊಂಬಣ್ಣಕ್ಕೆ ತಿರುಗಿದರೆ ಆಯಿತು. 180ಕ್ಕೆ ಏರಿಸಬೇಡಿ. ಖರ್ಜೂರದ ಸಕ್ಕರೆಯಲ್ಲಿ ಗ್ಲುಕೋಸ್, ಫ್ರಕ್ಟೋಸ್ ಜಾಸ್ತಿ, ಮಾಮೂಲಿ ಸಕ್ಕರೆಗಿಂತ ಬೇಗ ಕಂದಾಗಿ ಸೀದುಹೋಗುತ್ತದೆ. ಒಣದ್ರಾಕ್ಷಿ ಹಾಕಿದ್ದರೆ ಮೇಲೆ ಇಣುಕುವುದನ್ನೆಲ್ಲ ಒಳಗೆ ಒತ್ತಿಬಿಡಿ, ಅದೇ ಮೊದಲು ಸೀಯುವುದು.

ಓವನ್ ಇಲ್ಲವಾ? ಚಿಂತೆ ಇಲ್ಲ. ಎಲ್ಲವನ್ನೂ ಮೊದಲೇ ಹುರಿದಿರುವುದರಿಂದ ಒತ್ತಿದ ಟ್ರೇಯನ್ನು ಹಾಗೇ ಫ್ರಿಜ್‌ನಲ್ಲಿಟ್ಟರೂ ಬಾರ್ ಆಗುತ್ತದೆ. ಸ್ವಲ್ಪ ಮೆತ್ತಗಿರುತ್ತದೆ, ಅಷ್ಟೇ.

ಓವನ್‌ನಿಂದ ತೆಗೆದ ಕೂಡಲೇ ಕತ್ತರಿಸಲು ಹೋಗಬೇಡಿ. ಬಿಸಿ ಬಾರ್ ಮೆತ್ತಗೇ ಇರುತ್ತದೆ, ಚಾಕು ಇಟ್ಟರೆ ಒಡೆಯುತ್ತದೆ. ಪೂರ್ತಿ ಆರಿದ ಮೇಲೆ ಟ್ರೇ ಸಮೇತ ಕಡಿಮೆ ಅಂದರೂ ಎರಡು ಗಂಟೆ ಫ್ರಿಜ್‌ನಲ್ಲಿಡಿ. ರಾತ್ರಿ ಇಟ್ಟು ಬೆಳಿಗ್ಗೆ ಕತ್ತರಿಸಿದರೆ ಇನ್ನೂ ಚೆನ್ನ. ಅಷ್ಟರಲ್ಲಿ ಪೀನಟ್ ಬಟರ್‌ನ ಕೊಬ್ಬು ಗಟ್ಟಿಯಾಗಿರುತ್ತದೆ, ಓಟ್ಸ್ ಪುಡಿ ಖರ್ಜೂರದ ತೇವ ಹೀರಿಕೊಂಡು ಬಿಗಿಯಾಗಿರುತ್ತದೆ. ಉದ್ದನೆಯ ಚಾಕುವನ್ನು ಗರಗಸದಂತೆ ಎಳೆಯದೆ ಮೇಲಿನಿಂದ ನೇರವಾಗಿ ಒತ್ತಿ ಕತ್ತರಿಸಿ. ಇನ್ನಷ್ಟು ಗಟ್ಟಿ ಬೇಕಿದ್ದರೆ ಕತ್ತರಿಸಿದ ಬಾರ್‌ಗಳನ್ನು ದೂರ ದೂರ ಜೋಡಿಸಿ 150 ಡಿಗ್ರಿಯಲ್ಲಿ ಇನ್ನೂ ಹತ್ತು ನಿಮಿಷ ಇಡಿ, ಬದಿಗಳೂ ಒಣಗುತ್ತವೆ.

ಇಡುವ ವಿಷಯ. ಪೂರ್ತಿ ತಣ್ಣಗಾಗುವ ಮೊದಲು ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ನೀರಹನಿ ಕೂರುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಗಾಳಿಯಾಡದ ಡಬ್ಬಿಯಲ್ಲಿ ಖರ್ಜೂರದ ಬಾರ್ ಹೊರಗೆ ನಾಲ್ಕೈದು ದಿನ, ಫ್ರಿಜ್‌ನಲ್ಲಿ ಎರಡು ವಾರ, ಒಂದೊಂದನ್ನೇ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಇರುತ್ತದೆ. ಬೆಳಿಗ್ಗೆ ಫ್ರೀಜರ್‌ನಿಂದ ತೆಗೆದು ನೇರವಾಗಿ ಮಕ್ಕಳ ಡಬ್ಬಿಗೆ ಹಾಕಬಹುದು. ಬೂಷ್ಟು ಕಂಡರೆ ಆ ಭಾಗ ಕೆರೆದು ತಿನ್ನುವ ಲೆಕ್ಕಾಚಾರ ಬೇಡ, ಪೂರ್ತಿ ಎಸೆಯಿರಿ. ವಾಲ್‌ನಟ್, ಅಗಸೆ ಬೀಜದ ಪುಡಿ ಹಾಕಿದ್ದರೆ ಬೂಷ್ಟಿಗಿಂತ ಮೊದಲು ಕಮಟು ವಾಸನೆ ಬರಬಹುದು. ಅವುಗಳ ಎಣ್ಣೆ ಗಾಳಿ, ಬಿಸಿಗೆ ಬೇಗ ಕೆಡುತ್ತದೆ. ಅಂಥ ಬಾರ್ ಫ್ರಿಜ್‌ನಲ್ಲೇ ಇರಲಿ.

ಖರ್ಜೂರವೇ ಆಗಬೇಕು ಅಂತೇನಿಲ್ಲ. ಬೀಜವಿಲ್ಲದ ಪ್ರೂನ್ (ಒಣಗಿಸಿದ ಪ್ಲಮ್ ಹಣ್ಣು) ಅರ್ಧ, ಖರ್ಜೂರ ಅರ್ಧ ಹಾಕಿದರೆ ಸಿಹಿ ಕಡಿಮೆಯಾಗಿ ಸ್ವಲ್ಪ ಹುಳಿ ಬರುತ್ತದೆ, ನನಗಂತೂ ಅದೇ ಇಷ್ಟ. ಪ್ರೂನ್‌ನಲ್ಲಿ ಸಾರ್ಬಿಟಾಲ್ ಎಂಬ, ಪೂರ್ತಿ ಜೀರ್ಣವಾಗದ ಸಿಹಿ ಅಂಶ ಇರುವುದರಿಂದ ಜಾಸ್ತಿ ತಿಂದರೆ ಹೊಟ್ಟೆ ಸಡಿಲವಾಗುತ್ತದೆ ಅನ್ನುವುದು ನೆನಪಿರಲಿ. ಒಣ ಏಪ್ರಿಕಾಟ್ ಚೆನ್ನಾಗಿ ಹೊಂದುತ್ತದೆ. ಹೊಳೆಯುವ ಕಿತ್ತಳೆ ಬಣ್ಣ ಇದ್ದರೆ ಗಂಧಕದ ಡೈಆಕ್ಸೈಡ್ ಹಾಕಿರುತ್ತಾರೆ, ಕೆಲವು ಆಸ್ತಮಾ ರೋಗಿಗಳಿಗೆ ಅದು ಆಗುವುದಿಲ್ಲ. ಒಣ ಕ್ರ್ಯಾನ್‌ಬೆರಿ ಕೊಳ್ಳುವಾಗ ಪ್ಯಾಕೆಟ್ ತಿರುಗಿಸಿ ನೋಡಿ. ಆ ಹಣ್ಣು ತುಂಬಾ ಹುಳಿ, ಹಾಗಾಗಿ ಬಹುಪಾಲು ಸಕ್ಕರೆ ಹಾಕಿಯೇ ಒಣಗಿಸಿರುತ್ತಾರೆ.

ಸೇಬು ಹಾಕುವ ಆಸೆ ಇದ್ದರೆ ಹಸಿಯಾಗಿ ತುರಿದು ಹಾಕಬೇಡಿ, ಅದರಲ್ಲಿ 85 ಪಾಲು ನೀರೇ. ಅರ್ಧ ಕಿಲೋ ಸೇಬನ್ನು ಸಕ್ಕರೆ ಹಾಕದೆ ಬೇಯಿಸಿ, ಸುಮಾರು 150 ಗ್ರಾಂ ಉಳಿಯುವವರೆಗೆ ಇಂಗಿಸಿ, ಅದನ್ನು ಖರ್ಜೂರದ ಒಂದು ಪಾಲಿನ ಬದಲಿಗೆ ಬಳಸಿ. ಸೇಬಿನಲ್ಲಿ ಪೆಕ್ಟಿನ್ ಜಾಸ್ತಿ, ಅಂಟು ಚೆನ್ನಾಗಿ ಬರುತ್ತದೆ. ಬಾಳೆಹಣ್ಣು ಬಿಡಲಾರೆ ಅಂದರೆ ಅರ್ಧ ಹಣ್ಣು ಸಾಕು, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಿರುವಂಥದ್ದು. ಅದನ್ನೂ ಬಾಣಲೆಯಲ್ಲಿ ಖರ್ಜೂರದ ಜೊತೆಗೇ ಕೆದಕಿ. ಆ ಬಾರ್ ಫ್ರಿಜ್‌ನಲ್ಲೇ ಇರಬೇಕು, ನಾಲ್ಕು ದಿನದಲ್ಲಿ ಮುಗಿಸಬೇಕು.

ಇನ್ನು ‘ಆರೋಗ್ಯಕರ’ ಅನ್ನುವ ಮಾತಿಗೆ ಬರೋಣ. ಮೇಲಿನ ಅಳತೆಯಲ್ಲಿ ಒಂದು ಬಾರ್‌ಗೆ ಸುಮಾರು 185 ಕ್ಯಾಲೊರಿ, 10 ಗ್ರಾಂ ಸಕ್ಕರೆ, 6 ಗ್ರಾಂ ಪ್ರೋಟೀನ್, 4 ಗ್ರಾಂ ನಾರು ಬರುತ್ತದೆ. ಹತ್ತು ಗ್ರಾಂ ಸಕ್ಕರೆ ಅಂದಾಗ ಹುಬ್ಬೇರಿತಾ? ಹಣ್ಣಿನದಾದರೂ ಸಕ್ಕರೆ ಸಕ್ಕರೆಯೇ. ಜೊತೆಗೆ ಬರುವ ನಾರು, ಬೀಜಗಳ ಕೊಬ್ಬು, ಪ್ರೋಟೀನ್ ಅದು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತವೆ, ಹೊಟ್ಟೆಯೂ ತುಂಬುತ್ತದೆ. ಈ ಬಾರ್‌ನ ಲಾಭ ಅದು. ಸಕ್ಕರೆಯೇ ಇಲ್ಲ ಅನ್ನುವುದಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ, ಹೊರಗಿನಿಂದ ಸೇರಿಸಿದ ಸಕ್ಕರೆಯ ಜೊತೆ ಜೇನು, ಸಿರಪ್, ಹಣ್ಣಿನ ರಸ, ಗಟ್ಟಿ ಮಾಡಿದ ರಸ ಎಲ್ಲವೂ ಸೇರಿ ದಿನದ ಕ್ಯಾಲೊರಿಯ 10 ಶೇಕಡಾ ದಾಟಬಾರದು, 5 ಶೇಕಡಾದ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದಿದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಇಡೀ ಹಣ್ಣು ಈ ಲೆಕ್ಕದಲ್ಲಿ ಬರುವುದಿಲ್ಲ. ಆದರೆ ರುಬ್ಬಿದ ಖರ್ಜೂರ? ಬ್ರಿಟನ್ನಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ರುಬ್ಬಿ ಪೇಸ್ಟ್ ಮಾಡಿದ ಹಣ್ಣಿನ ಸಕ್ಕರೆಯೂ ಸೇರಿಸಿದ ಸಕ್ಕರೆಯ ಗುಂಪಿಗೇ ಹೋಗುತ್ತದೆ, ಇಡಿಯಾಗಿ ಒಣಗಿಸಿದ ಹಣ್ಣಿನದು ಹೋಗುವುದಿಲ್ಲ. ರುಬ್ಬಿದಾಗ ಹಣ್ಣಿನ ಕೋಶಗಳು ಒಡೆದು ಸಕ್ಕರೆ ಹೊರಗೆ ಬರುತ್ತದೆ ಅನ್ನುವುದು ಅವರ ವಾದ. ನಾನು ಅಷ್ಟು ಕಟ್ಟುನಿಟ್ಟಲ್ಲ, ಏಕೆಂದರೆ ಇಲ್ಲಿ ನಾರು ಎಲ್ಲೂ ಹೋಗಿಲ್ಲ. ಆದರೂ ‘ಹಣ್ಣಿನದು ತಾನೇ’ ಅಂತ ಮೂರು ಬಾರ್ ತಿನ್ನುವವರಿಗೆ ಈ ಮಾತು ಹೇಳುತ್ತೇನೆ.

ಓಟ್ಸ್ ಕೊಲೆಸ್ಟರಾಲ್ ಇಳಿಸುತ್ತದೆ ಅನ್ನುವುದು ನಿಜ, ಅದಕ್ಕೆ ದಿನಕ್ಕೆ ಸುಮಾರು 3 ಗ್ರಾಂ ಬೀಟಾ ಗ್ಲುಕಾನ್, ಅಂದರೆ ಓಟ್ಸ್‌ನಲ್ಲಿರುವ ಕರಗುವ ನಾರು ಬೇಕು. ನಮ್ಮ ಒಂದು ಬಾರ್‌ನಲ್ಲಿರುವುದು ಅರ್ಧ ಗ್ರಾಂ. ಆ ಆಸೆಯಿಂದ ಬಾರ್ ತಿನ್ನುವುದಕ್ಕಿಂತ ಬೆಳಿಗ್ಗೆ ಒಂದು ಬಟ್ಟಲು ಓಟ್ಸ್ ಗಂಜಿ ಕುಡಿಯುವುದು ಮೇಲು.

ಮಕ್ಕಳ ಬಗ್ಗೆ ಎರಡು ಎಚ್ಚರಿಕೆ. ಐದು ವರ್ಷದೊಳಗಿನವರಿಗೆ ಇಡೀ ಬಾದಾಮಿ, ದೊಡ್ಡ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಪುಡಿ ಮಾಡಿಯೇ ಹಾಕಿ. ಖರ್ಜೂರ ಹಲ್ಲಿನ ಸಂದಿಗೆ ಅಂಟಿ ಕೂರುತ್ತದೆ, ಹಾಗಾಗಿ ಆಗಾಗ ಕಚ್ಚುತ್ತಾ ಇರುವುದಕ್ಕಿಂತ ಊಟದ ಜೊತೆಗೇ ಕೊಟ್ಟು, ಮೇಲೆ ನೀರು ಕುಡಿಸಿ. ಶಾಲೆಯಲ್ಲಿ ಕಡಲೆಕಾಯಿ, ಬಾದಾಮಿ ತರಬಾರದು ಎಂಬ ನಿಯಮ ಇದ್ದರೆ ಸೂರ್ಯಕಾಂತಿ ಬೀಜವನ್ನೇ ಹುರಿದು, ಎಣ್ಣೆ ಬಿಡುವವರೆಗೆ ರುಬ್ಬಿ ಪೀನಟ್ ಬಟರ್ ಬದಲಿಗೆ ಹಾಕಿ, ಬಾದಾಮಿಯ ಜಾಗಕ್ಕೂ ಬೀಜಗಳನ್ನೇ ಹಾಕಿ.

ಯಜಮಾನರ ವಿಷಯ. ಗಡಿಯಲ್ಲಿದೆ ಅಂದರೆ ಸಾಮಾನ್ಯವಾಗಿ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇಕಡಾ 5.7ರಿಂದ 6.4ರ ನಡುವೆ ಇದೆ ಅಂತ. ಅವರು ಇದನ್ನು ಮುಟ್ಟಲೇಬಾರದು ಅಂತೇನಿಲ್ಲ, ಆದರೆ ಇದು ಅವರಿಗೆ ತಿಂಡಿ, ಪಥ್ಯ ಅಲ್ಲ. ಅವರ ಪಾಲಿಗೆ ಬೇರೆ ಟ್ರೇ ಮಾಡಿದರೆ ಒಳ್ಳೆಯದು. ಖರ್ಜೂರ 120 ಗ್ರಾಂಗೆ ಇಳಿಸಿ, ಪೀನಟ್ ಬಟರ್ 110ಕ್ಕೆ ಏರಿಸಿ. ಅಂಟಿಗೆ ಒಂದು ಮೊಟ್ಟೆಯ ಬಿಳಿ ಭಾಗ ಸೇರಿಸಿ. ಮಿಶ್ರಣ ಉಗುರುಬೆಚ್ಚಗಾದ ಮೇಲೆಯೇ ಸೇರಿಸಬೇಕು, ಇಲ್ಲದಿದ್ದರೆ ಅದು ಅಲ್ಲೇ ಬೆಂದು ಗಂಟಾಗುತ್ತದೆ. ಈ ಟ್ರೇಯನ್ನು ಓವನ್‌ನಲ್ಲಿ ಬೇಯಿಸಲೇಬೇಕು. ಚಿಟಿಕೆ ಹೆಚ್ಚು ಉಪ್ಪು, ಚಕ್ಕೆ, ನಿಂಬೆ ಸಿಪ್ಪೆಯ ತುರಿ ಹಾಕಿದರೆ ಸಿಹಿ ಕಡಿಮೆಯಾಗಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಹೀಗೆ ಮಾಡಿದರೆ ಬಾರ್‌ಗೆ ಸಕ್ಕರೆ 7 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಮೊದಲ ಸಲ ಅರ್ಧ ಬಾರ್ ಕೊಡಿ, ಟೀ ಕಾಫಿಗೆ ಸಕ್ಕರೆ ಹಾಕದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ತಿನ್ನುವ ಮೊದಲು ಒಮ್ಮೆ, ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ ಬರೆದಿಡಿ. ಒಂದೇ ಬಾರ್ ಒಬ್ಬೊಬ್ಬರಲ್ಲಿ ಒಂದೊಂದು ಥರ ಏರಿಸುತ್ತದೆ, ಹಾಗಾಗಿ ಅವರು ಎಷ್ಟು ತಿನ್ನಬಹುದು ಅನ್ನುವುದನ್ನು ಆ ಅಂಕಿಗಳನ್ನು ವೈದ್ಯರಿಗೆ ತೋರಿಸಿಯೇ ತೀರ್ಮಾನಿಸಿ.